ಸೋರೆ ಬುರುಡೆ ಕಟ್ಟಿದ ತೋರಣ

ನಮ್ಮ ಗುತ್ಯಕ್ಕ ಮುಳುಗಡೆ ಊರು ಬಿಟ್ಟು ಬರುವಾಗ ಗಾಡಿಗೆ ಮೊದಲು ಹೇರಿದ್ದು ಪಾತ್ರೆಯಲ್ಲ, ಹಾಸಿಗೆಯಲ್ಲ, ಹಳೇ ತೋರಣ. ಬತ್ತದ ತೆನೆ ಹೆಣೆದು ಮಾಡಿದ ತೋರಣ. ವರ್ಷವರ್ಷವೂ ಸುಗ್ಗಿ ಆದಮೇಲೆ ಹೊಸದು ಕಟ್ಟಿ ಬಾಗಿಲಿಗೆ ತೂಗುಹಾಕುವುದು, ಹಳೇದನ್ನು ಇಳಿಸಿ ಒಲೆಯ ಮೇಲಿನ ಹೊಗೆ ಅಟ್ಟದಲ್ಲಿ ಇಡುವುದು. ಹಾಗೆ ಇಟ್ಟವೆಲ್ಲ ಒಂದು ದೊಡ್ಡ ಹೊರೆ ಆಗಿದ್ದವು.

"ಏ ಇವಳೆ, ಇದನ್ನೂ ಹೊರ್ಬೇಕಾ? ಎತ್ತಿನ ಮುಖನಾದ್ರೂ ನೋಡೆ," ಅಂದರು ದುಗ್ಗಪ್ಪ ಭಾವ. ಭಾವ ಅಂದರೆ ಅವಳ ಗಂಡ. ಅವರ ತಮ್ಮನೇ ನಮ್ಮನೆಯವರು. ನಾನು ಗುತ್ಯಕ್ಕನ ವಾರಗಿತ್ತಿ.

"ಎತ್ತಿಗೆ ಇದೆಂತ ಭಾರ? ನೀವು ಇಳಿದು ನಡೀರಿ, ಅದ್ಕೆ ಹಗುರ ಆಗ್ತದೆ," ಅಂದಳು ಗುತ್ಯಕ್ಕ.

ಭಾವ ಇಳಿದು ನಡೆದರು. ಬತ್ತ ಅಂದರೆ ಲಕ್ಷ್ಮಿ, ಕಾಲಲ್ಲಿ ತುಳಿಯುವ ಜಾಗಕ್ಕೆ ಬಿಸಾಡಬಾರದು, ಒಲೆಗೂ ಹಾಕಬಾರದು, ನೀರಿಗೆ ಬಿಟ್ಟು ಬರುವುದಂತೂ ಆಗದ ಮಾತು. ಅವಳ ಲೆಕ್ಕ ಅಷ್ಟೇ.

ನಮ್ಮ ಹಳೇ ಊರು ಹೊನ್ನೆಮರಡಿನ ಆಚೆ ಹೊಳೆ ಬದಿಗಿತ್ತು. ಅಣೆಕಟ್ಟಿನ ನೀರು ಊರಿಗೆ ಬರುತ್ತದೆ ಅಂತಾಗಿ, ಅರವತ್ತಮೂರನೇ ಇಸವಿಯ ಬೇಸಿಗೆಯಲ್ಲಿ ಅಲ್ಲಿಂದ ಎದ್ದು ಹೊಸನಗರದ ಕಡೆ ಹೊಳೆಕೊಪ್ಪಕ್ಕೆ ಬಂದೆವು. ಊರವರು ಒಬ್ಬೊಬ್ಬರು ಒಂದೊಂದು ಕಡೆ ಹೋದರು. ನಮಗೆ ಸಿಕ್ಕ ಮನೆಗೆ ಹೆಂಚು ಇತ್ತು, ಅಟ್ಟ ಇರಲಿಲ್ಲ. ಅಟ್ಟ ಇಲ್ಲದ ಮೇಲೆ ಹಳೇ ತೋರಣ ಎಲ್ಲಿಡುವುದು? ಗುತ್ಯಕ್ಕ ಯೋಚನೆ ಮಾಡಿ ಮನೆಯ ಹಿಂಬದಿ ಮಾಡಿನ ಅಡಿಗೆ, ಹೆಂಚಿಗೂ ರೀಪಿಗೂ ನಡುವಿನ ಸಂದಿಯಲ್ಲಿ, ಒಂದೊಂದಾಗಿ ಸಿಕ್ಕಿಸಿದಳು. ಕೈ ಮುಗಿದು ಇಳಿದಳು. ಅದೇ ಆದದ್ದು ತಪ್ಪು. ಆದರೆ ಅದು ತಪ್ಪು ಅಂತ ತಿಳಿಯೋದಕ್ಕೆ ಮುಂದಿನ ಬೇಸಿಗೆ ಬರಬೇಕಾಯಿತು.

ತೋರಣ ಕಟ್ಟುವುದು ನಮ್ಮಲ್ಲಿ ಹೆಚ್ಚಾಗಿ ಗಂಡಸರ ಕೆಲಸ. ಗುತ್ಯಕ್ಕನ ಅಪ್ಪನಿಗೆ ಗಂಡು ಮಕ್ಕಳಿರಲಿಲ್ಲ, ಇವಳನ್ನೇ ಪಕ್ಕ ಕೂರಿಸಿಕೊಂಡು ಕಲಿಸಿದ್ದ. ಗುತ್ಯಕ್ಕ ಆಳು ಎತ್ತರ, ಬೆನ್ನು ನೆಟ್ಟಗೆ, ದನಿ ಮಾತ್ರ ಗದ್ದೆಯ ಆಚೆ ಬದಿಗೂ ಕೇಳುವಂಥದ್ದು. ಅಷ್ಟು ದೊಡ್ಡ ದನಿಯವಳು ತೋರಣಕ್ಕೆ ಕೂತರೆ ಉಸಿರು ಬಿಟ್ಟಿದ್ದೂ ಕೇಳುತ್ತಿರಲಿಲ್ಲ. ತೆನೆಯನ್ನು ದಂಟಿನ ಸಮೇತ ನೀರಲ್ಲಿ ನೆನೆಹಾಕಬೇಕು. ಕಡಿಮೆ ನೆನೆದರೆ ದಂಟು ಮುರಿಯುತ್ತದೆ, ಹೆಚ್ಚು ನೆನೆದರೆ ಕಾಳು ಮೊಳೆಯುತ್ತದೆ. ದಂಟನ್ನು ಬಗ್ಗಿಸಿ ನೋಡಿ, ಹಸೀ ಬೆತ್ತದ ಹಾಗೆ ಬಾಗಿತು ಅಂದರೆ ಹದ. ಆಮೇಲೆ ಜಡೆ ಹೆಣೆದ ಹಾಗೆ ಹೆಣೆದು, ಬಣ್ಣ ಹಾಕಿದ ಪುಂಡಿ ನಾರಲ್ಲಿ ಬಿಗಿದು, ತೆನೆಗಳು ಕೆಳಕ್ಕೆ ಜೋತು ಬೀಳುವ ಹಾಗೆ ಬಿಡಬೇಕು.

ಅವಳ ತೋರಣಕ್ಕೆ ಮೀಸೆಬತ್ತವೇ ಆಗಬೇಕು. ಕಾಳಿನ ತುದಿಗೆ ಉದ್ದ ಮೀಸೆ ಇರುವ ಕೆಂಪು ಬತ್ತ ಅದು. ಬೀಜ ಹಳೇ ಊರಿಂದ ಬಟ್ಟೆಯಲ್ಲಿ ಕಟ್ಟಿ ತಂದಿದ್ದಳು. ಹೊಸ ಜಮೀನಿನ ಮಣ್ಣು ಅದಕ್ಕೆ ಹಿಡಿಸಲಿಲ್ಲ. ಬಿತ್ತಿದ್ದರಲ್ಲಿ ಮೂಲೆಯ ಜೌಗು ಗದ್ದೆ ಒಂದೇ ಕೈಗೆ ಹತ್ತಿತು. ಬಂದದ್ದು ಎರಡು ಕೈಯಲ್ಲಿ ತಬ್ಬುವಷ್ಟು ಒಂದು ಕಟ್ಟು. ಹೊಳೆಕೊಪ್ಪದಲ್ಲಿ ಯಾರ ಮನೆಯಲ್ಲೂ ಆ ಬತ್ತ ಇಲ್ಲ. ಹಳೇ ಊರಿನವರು ಯಾವ ದಿಕ್ಕಿಗೆ ಹೋದರೋ, ಯಾರ ಹತ್ತಿರ ಉಳಿದಿದೆಯೋ ಗೊತ್ತಿಲ್ಲ. ಹಳೇ ತೋರಣದಲ್ಲಿ ಉದುರಿಸಿ ಉಳಿದ ಅಷ್ಟಿಷ್ಟು ಕಾಳು ಹೊಗೆ ಹಿಡಿದದ್ದು, ಮೊಳೆಯುವುದಿಲ್ಲ. ಆ ಕಟ್ಟು ಹೋದರೆ ನಮ್ಮ ಪಾಲಿಗೆ ಮೀಸೆಬತ್ತದ ತಳಿಯೇ ಹೋದ ಹಾಗೆ.

"ಬಡಿದು ಹುಲ್ಲಿನ ಮುಡೆ ಕಟ್ಟಿ ಇಡೆ," ಅಂದರು ಭಾವ.

"ಬಡಿದ್ರೆ ಬಾಗಿಲಿಗೆ ಎಂತ ಕಟ್ಲಿ? ನಿಮ್ಮ ಪಂಚೆನಾ? ತೋರಣ ಕಟ್ತೀನಿ. ಮಳೆಗೆ ಮುಂಚೆ ಅದೇ ತೋರಣದ ಕಾಳು ಉದುರ್ಸಿ ಬಿತ್ತೋದು. ನಮ್ಮಪ್ಪ ಮಾಡ್ತಿದ್ದದ್ದೂ ಹಾಗೇ."

ಬಿಡುವು ಸಿಕ್ಕಾಗ ಕಟ್ಟೋಣ ಅಂತ ತೆನೆಯ ಕಟ್ಟನ್ನು ಜಗಲಿಯ ತೊಲೆಗೆ ತೂಗುಹಾಕಿದಳು. ಇಣಚಿಗಳು ಬಂದವು.

ಅಳಿಲಿಗೆ ನಾವು ಇಣಚಿ ಅನ್ನುವುದು. ಮೊದಲಿಗೆ ಒಂದು ಬಂತು. ಹಿಂದಿನ ಸೀಬೆ ಮರದಿಂದ ಮಾಡಿಗೆ ಹಾರಿ, ತೊಲೆಯ ಮೇಲೆ ಓಡಿ, ಹಗ್ಗ ಹಿಡಿದು ತಲೆಕೆಳಗಾಗಿ ಇಳಿದು ತೆನೆಗೆ ಬಾಯಿ ಹಾಕಿತು. ಮೀಸೆ ಇದ್ದ ಬತ್ತಕ್ಕೆ ಹಕ್ಕಿ ಹೆದರುತ್ತದೆ. ಇಣಚಿ ಹೆದರಲಿಲ್ಲ. ಎರಡು ಕೈಯಲ್ಲಿ ಕಾಳು ಹಿಡಿದು ಮೀಸೆಯನ್ನು ಕಟ್ ಅಂತ ಕತ್ತರಿಸಿ, ಸಿಪ್ಪೆ ಉಗಿದು, ಅಕ್ಕಿ ತಿಂದಿತು. ಕೆಳಗೆ ಕ್ಷೌರದ ಅಂಗಡಿಯ ಹಾಗೆ ಮೀಸೆ ರಾಶಿ.

"ನಿನ್ನ ಬಾಲಕ್ಕೆ ಬೆಂಕಿ ಬೀಳ! ನಿನ್ನ ಹಲ್ಲಿಗೆ ಹುಳ ಬೀಳ!" ಅಂತ ಗುತ್ಯಕ್ಕ ಪೊರಕೆ ಹಿಡಿದು ಓಡಿಸಿದಳು. ಬಯ್ಯುವುದು ಎಷ್ಟು ಬೇಕಾದರೂ ಸರಿ, ಕಲ್ಲು ಹೊಡೆಯಲು ಮಾತ್ರ ಬಿಡುತ್ತಿರಲಿಲ್ಲ. ರಾಮದೇವರು ಬೆನ್ನು ಸವರಿದ ಪ್ರಾಣಿ ಅದು. ನಮ್ಮನೆಯವರು ಒಮ್ಮೆ ಕವಣೆ ಎತ್ತಿದ್ದಕ್ಕೆ, "ಆ ಗೀರು ನೋಡಿ ಹೊಡಿ, ರಾಮನ ಬೆರಳಿಗೆ ತಾಗ್ತದೆ," ಅಂದಳು. ಅವರು ಕವಣೆ ಇಳಿಸಿದರು.

ಕೊಲ್ಲದೆ ಓಡಿಸುವ ಉಪಾಯ ಒಂದೊಂದೇ ಮಾಡಿದೆವು. ಸೀಬೆ ಮರದ ಮಾಡಿನ ಕಡೆಯ ಕೊಂಬೆ ಕಡಿಸಿದೆವು. ಕಾಂಡಕ್ಕೆ ಸುತ್ತಲೂ ಅಡಿಕೆ ಹಾಳೆ ಬಿಗಿದೆವು. ಹಾಳೆಯ ಒಳಮೈ ನುಣುಪು, ಅದನ್ನು ಹೊರಗೆ ಮಾಡಿ ಕಟ್ಟಿದರೆ ಉಗುರು ಕಚ್ಚುವುದಿಲ್ಲ. ಹಿತ್ತಲಲ್ಲಿ ಅವರೆ ಬೀಜ ಊರಿದ ಪಾತಿಯನ್ನು ಅವು ಕೆದಕುತ್ತಿದ್ದವು, ಅಲ್ಲಿಗೆ ಸೀಗೆ ಮುಳ್ಳು ಹರಡಿ ಒಲೆ ಬೂದಿ ಉದುರಿಸಿದೆವು. ಪಾತಿ ಉಳಿಯಿತು. ಮರ ಹತ್ತುವುದು ನಿಂತಿತು. ಮನೆಗೆ ಬರುವುದು ನಿಲ್ಲಲಿಲ್ಲ. ಈಗ ಗೋಡೆಯಿಂದ ಬಂದವು. ಜಗಲಿಯಲ್ಲಿ ಮೆಣಸಿನಕಾಯಿ ಹೊಗೆ ಹಾಕಿದೆವು. ನಾವೆಲ್ಲ ಕೆಮ್ಮುತ್ತ ಅಂಗಳಕ್ಕೆ ಬಂದೆವು, ಇಣಚಿ ತೊಲೆ ಮೇಲೆ ಕೂತು ನಮ್ಮನ್ನು ನೋಡಿತು. ಭಾವ ಎಲ್ಲಿಂದಲೋ ಒಂದು ಬೆಕ್ಕು ತಂದರು. ಅದು ಹಾಲು ಕುಡಿದು ಬತ್ತದ ಕಟ್ಟಿನ ನೆರಳಲ್ಲೇ ಮಲಗಿತು. ಇಣಚಿ ತಿಂದ ಸಿಪ್ಪೆ ಅದರ ಮೈಮೇಲೆ ಬೀಳುತ್ತಿತ್ತು.

"ನೀವು ತಂದ ಬೆಕ್ಕು ನಿಮ್ಮ ಹಾಗೇ," ಅಂದಳು ಗುತ್ಯಕ್ಕ. "ಉಂಡ ಕೂಡ್ಲೆ ಕಣ್ಣು ಮುಚ್ತದೆ."

ತೂಗುವ ಹಗ್ಗಕ್ಕೆ ತೆಂಗಿನ ಗೆರಟೆಯನ್ನು ಬೋರಲು ಹಾಕಿ ಪೋಣಿಸಿದಳು. ಅದು ಅವಳ ಸ್ವಂತ ಯೋಚನೆ. ಗೆರಟೆ ಚಿಕ್ಕದಾಯಿತು. ಇಣಚಿ ಹಿಂಗಾಲಲ್ಲಿ ಹಗ್ಗ ಹಿಡಿದು, ಮೈ ಉದ್ದ ಮಾಡಿ, ಗೆರಟೆ ದಾಟಿಸಿ ಕೈ ಚಾಚಿತು. ಅಷ್ಟರಲ್ಲಿ ಕಟ್ಟು ಅರ್ಧಕ್ಕೆ ಬಂದಿತ್ತು. ಉಳಿದದ್ದನ್ನು ಗುತ್ಯಕ್ಕ ಇಳಿಸಿ, ಹಗಲು ಕಣ್ಣೆದುರಿಗೆ ಗಾಳಿಗೆ ಇಟ್ಟು, ಸಂಜೆ ಹಂಡೆಯೊಳಗೆ ಮುಚ್ಚತೊಡಗಿದಳು. ಗದ್ದೆಗೆ ಹೋದರೂ ತಲೆಮೇಲೆ ಹೊತ್ತುಕೊಂಡು ಹೋಗುವಳು. ಊರವರಿಗೆ ಅದೊಂದು ತಮಾಷೆ.

ಪಕ್ಕದ ಮನೆ ಜಲಜಮ್ಮನವರಿಗೆ ಮಾತ್ರ ತಮಾಷೆಯಾಗಿರಲಿಲ್ಲ. ಅವರು ಹೊಳೆಕೊಪ್ಪದ ಹಳೇ ಕುಳ, ಜಮೀನಿದ್ದವರು. ಅವರ ಹಿತ್ತಲ ಸೋರೆ ಚಪ್ಪರ ಊರಿಗೇ ಹೆಸರುವಾಸಿ. ಆ ವರ್ಷ ಇಣಚಿಗಳು ಸೋರೆಯ ಎಳೆ ಮಿಡಿಗಳನ್ನೆಲ್ಲ ಕಚ್ಚಿ ಹಾಕಿದ್ದವು.

"ಗುತ್ಯಮ್ಮಾ," ಅಂತ ಬೇಲಿಯ ಆಚೆಯಿಂದ ಕೂಗಿದರು, "ಮುಳುಗಡೆಯಿಂದ ಜನ ಬರ್ತಾರೆ ಅಂತ ಹೇಳಿದ್ರು. ಇಣಚಿನೂ ಕರ್ಕಂಡು ಬರ್ತಾರೆ ಅಂತ ಯಾರೂ ಹೇಳ್ಲಿಲ್ಲ ನೋಡು."

"ನಮ್ಮೂರ ಇಣಚಿ ಹೀಗೆ ಕದಿಯಲ್ಲ ಜಲಜಮ್ಮೋರೆ. ಇವು ನಿಮ್ಮೂರವೇ. ಬೆಳೆಸಿದ್ದು ನೀವೇ."

ಆಮೇಲೆ ಸುಮಾರು ದಿನ ಎರಡು ಮನೆಗೂ ಮಾತಿಲ್ಲ. ಬಾವಿ ಒಂದೇ ಆದ್ದರಿಂದ ಕೊಡಗಳು ಮಾತ್ರ ಜೋರಾಗಿ ಸದ್ದು ಮಾಡುತ್ತಿದ್ದವು.

ಬೇಸಿಗೆ ಬಂತು. ಮಳೆಗೆ ಮುಂಚೆ ಹೆಂಚು ಕೈಯಾಡಿಸಬೇಕಲ್ಲ, ಭಾವನೂ ನಮ್ಮನೆಯವರೂ ಮಾಡು ಹತ್ತಿದರು. ನಾನೂ ಗುತ್ಯಕ್ಕನೂ ಕೆಳಗೆ ಹೆಂಚು ಇಸಿದುಕೊಳ್ಳುತ್ತಿದ್ದೆವು. ಹಿಂಬದಿ ಮಾಡಿಗೆ ಹೋದಾಗ ಭಾವ ಒಂದು ಹೆಂಚೆತ್ತಿ ಬಗ್ಗಿ ನೋಡಿದರು. ಆಮೇಲೆ ನಗಲು ಶುರು ಮಾಡಿದರು. ನಗು ನಿಲ್ಲಲೇ ಇಲ್ಲ.

"ಎಂತದು? ಹೇಳಿ ನಗ್ರಿ!" ಅಂದಳು ಗುತ್ಯಕ್ಕ.

"ಹತ್ತಿ ಬಾ. ನಿನ್ನ ನೆಂಟ್ರು ಮನೆ ಕಟ್ಯಾರೆ, ನೋಡುವಂತೆ ಬಾ."

ಅವಳು ಏಣಿ ಹತ್ತಿದಳು, ಹಿಂದೆಯೇ ನಾನು. ಹೆಂಚಿನಡಿ ಇಣಚಿ ಗೂಡು. ಹೊರಮೈಗೆ ಹೆಣೆದ ದಂಟು, ಒಳಗೆ ಬಣ್ಣ ಹಾಕಿದ ಪುಂಡಿ ನಾರು, ಮೆತ್ತಗೆ ಹತ್ತಿ. ನಡುವೆ ಕಣ್ಣು ಬಿಡದ ಕೆಂಪು ಮರಿಗಳು. ಅವಳು ಗಾಡಿಯಲ್ಲಿ ಹೇರಿಕೊಂಡು ಬಂದ ತೋರಣಗಳದೇ ಗೂಡು. ಸುತ್ತ ಸಂದಿಯಲ್ಲಿ ಉಳಿದ ತೋರಣಗಳು ಹಾಗೇ ಇದ್ದವು, ಒಂದರಲ್ಲೂ ಕಾಳಿಲ್ಲ.

ಅಟ್ಟದ ಹೊಗೆಯಲ್ಲಿದ್ದಾಗ ಅವನ್ನು ಯಾವ ಪ್ರಾಣಿಯೂ ಮುಟ್ಟಿರಲಿಲ್ಲ. ಇಲ್ಲಿ ಮಾಡಿನಡಿ ತೆರೆದ ಜಾಗಕ್ಕೆ ಸಿಕ್ಕಿಸಿದ್ದೇ, ಇಣಚಿಗಳಿಗೆ ಈ ಮನೆಯಲ್ಲಿ ಬತ್ತ ತೂಗುತ್ತದೆ ಅನ್ನುವುದು ಗೊತ್ತಾಯಿತು. ಹಳೇದು ಮುಗಿದ ಮೇಲೆ ಹೊಸದಕ್ಕೆ ಜಗಲಿಗೆ ಬಂದವು.

ಗುತ್ಯಕ್ಕನಿಗೂ ನಗು ಬಂತು, ಏಣಿ ಅಲುಗಾಡಿತು. "ಎಲೆ ಹಾಕಿ ಊಟಕ್ಕೆ ಕರೆದವಳು ನಾನೇ. ಬಂದೋರಿಗೆ ಪೊರಕೆ ತೋರಿಸ್ದೆ," ಅಂದಳು.

ಮಾಡಿನಡಿಯಿಂದ ತೋರಣಗಳನ್ನು ಪೂರ್ತಿ ತೆಗೆಯಬೇಕು. ಮರಿಗಳು ಸಾಯಬಾರದು. ತಾಯಿ ಕಣ್ಣಿಗೆ ಕಾಣುವ ಜಾಗದಲ್ಲಿ, ಮನೆಯಿಂದ ದೂರ ಇಡಬೇಕು. ಅಂಥ ಮರ ಸುತ್ತ ಒಂದೇ ಇತ್ತು, ಬೇಲಿಯಾಚೆಯ ದೊಡ್ಡ ಹಲಸಿನ ಮರ. ಅದು ಜಲಜಮ್ಮನವರದು.

ಗುತ್ಯಕ್ಕ ಗೂಡನ್ನು ಮೊರದಲ್ಲಿಟ್ಟುಕೊಂಡು ಬೇಲಿ ಹತ್ತಿರ ಹೋದಳು. ನಾನು ಹಳೇ ತೋರಣ ಹೊತ್ತು ಹಿಂದೆ ನಿಂತೆ. ತಾಯಿ ಇಣಚಿ ನಮ್ಮ ಮಾಡಿನ ಮೇಲೆ ಬಾಲ ಕುಣಿಸುತ್ತ ಕೂಗಿಕೊಳ್ಳುತ್ತಿತ್ತು.

"ಜಲಜಮ್ಮೋರೆ, ನಿಮ್ಮ ಹಲಸಿನ ಮರದಲ್ಲಿ ಒಂದು ಬಾಣಂತಿಗೆ ಜಾಗ ಬೇಕಿತ್ತು."

ಜಲಜಮ್ಮ ಮೊರದೊಳಗೆ ಬಗ್ಗಿ ನೋಡಿದರು. "ಅಯ್ಯೋ ಮಾರಾಯ್ತಿ! ನನ್ನ ಸೋರೆ ತಿಂದ ಸಂಸಾರನ ನನ್ನ ಮರಕ್ಕೇ ತಂದು ಕೂರಿಸ್ತೀಯಾ?"

"ಹಲಸಿನ ಹಣ್ಣಿಗೆ ಅವು ಈಗ್ಲೂ ಬರ್ತಾವೆ. ಅಲ್ಲೇ ಹೊಟ್ಟೆ ತುಂಬಿದ್ರೆ ನಿಮ್ಮ ಸೋರೆ ಬಳ್ಳಿಗೂ ಬರಲ್ಲ, ನನ್ನ ಜಗಲಿಗೂ ಬರಲ್ಲ. ಚಪ್ಪರದ ಕಂಬಕ್ಕೆ ಅಡಿಕೆ ಹಾಳೆ ನಾನೇ ಕಟ್ಟಿಕೊಡ್ತೀನಿ." ಆಮೇಲೆ ದನಿ ಇಳಿಸಿ, "ಅವತ್ತು ನೀವಂದಿದ್ದು ಸರಿ. ಕರ್ಕಂಡು ಬಂದಿದ್ದು ನಾನೇ," ಅಂದು ಮಾಡಿನ ಕಥೆ ಹೇಳಿದಳು.

ಜಲಜಮ್ಮ ನಕ್ಕರು. ನಗುತ್ತಲೇ ನನ್ನ ತಲೆಮೇಲಿನ ಹೊರೆಯಿಂದ ಒಂದು ತೋರಣ ಎಳೆದು ನೋಡಿದರು. ಕಾಳಿಲ್ಲದಿದ್ದರೂ ಹೆಣಿಗೆ ಹಾಗೇ ಇತ್ತು. ತಿರುಗಿಸಿ ತಿರುಗಿಸಿ ನೋಡಿದರು.

"ಇದನ್ನ ನೀನು ಕಟ್ಟಿದ್ದಾ? ನಮ್ಮಲ್ಲಿ ಇದಿಲ್ಲ. ಬರೋ ತಿಂಗಳು ನಮ್ಮ ಪುಷ್ಪಂದು ಮದುವೆ, ತೀರ್ಥಹಳ್ಳಿ ಗಂಡು. ಚಪ್ಪರಕ್ಕೆ ಒಂದು ಕಟ್ಟಿಕೊಡ್ತೀಯಾ?"

ಗುತ್ಯಕ್ಕನ ಹತ್ತಿರ ಉಳಿದದ್ದು ಅರ್ಧ ಕಟ್ಟು. ಒಂದೇ ಚಿಕ್ಕ ತೋರಣ ಆಗುವಷ್ಟು. ಅದೇ ಬೀಜ. ಅದು ಬೇರೆ ಮನೆಯ ಚಪ್ಪರದಲ್ಲಿ ತೂಗಬೇಕು. ಆದರೆ ಹೊಳೆಕೊಪ್ಪಕ್ಕೆ ಬಂದು ವರ್ಷವಾಗುತ್ತ ಬಂದಿತ್ತು, ಅವಳ ಕೈಯಿಂದ ಏನಾದರೂ ಬೇಕು ಅಂತ ಈ ಊರಲ್ಲಿ ಕೇಳಿದವರು ಇವರೇ ಮೊದಲು.

"ಕಟ್ತೀನಿ. ಮದುವೆ ಮುಗಿದ ಮೇಲೆ ತೋರಣ ನನಗೆ ವಾಪಸ್ಸು ಬರ್ಬೇಕು, ಅದ್ರಲ್ಲಿರೋದು ಬೀಜ. ನಿಮ್ಮ ಗದ್ದೆಗೂ ಒಂದು ಪಾಲು ಕೊಡ್ತೀನಿ. ಇನ್ನೊಂದು," ಅಂತ ಅವರ ಮಾಡಿಗೆ ತೂಗುಹಾಕಿದ್ದ ಒಣ ಸೋರೆ ಬುರುಡೆಗಳ ಕಡೆ ಕೈ ತೋರಿಸಿದಳು, "ಆ ದೊಡ್ಡ ಬುರುಡೆ ಒಂದು ಕೊಡಿ."

ಗೂಡನ್ನು ಹಲಸಿನ ಮರದ ಕವಲಲ್ಲಿ ಇಟ್ಟು, ಸುತ್ತ ಹಳೇ ತೋರಣ ಕಟ್ಟಿದೆವು. ಸಂಜೆಯೊಳಗೆ ತಾಯಿ ಬಂದು ಸೇರಿತು.

ಬಾಗಿಲಗಲದ ತೋರಣಕ್ಕೆ ತೆನೆ ಸಾಲದು. ಅದಕ್ಕೇ ಗುತ್ಯಕ್ಕ ಒಂದೇ ಹಗ್ಗಕ್ಕೆ ತೂಗುವ ಗೊಂಚಲು ತೋರಣ ಕಟ್ಟಿದಳು, ಚಪ್ಪರದ ನಡುವೆ ಇಳಿಬಿಡುವಂಥದ್ದು. ಕಟ್ಟುವಷ್ಟು ದಿನ ನಾನು ಪಕ್ಕದಲ್ಲಿ ಕೂತು ನಾರು ಸೀಳಿ ಕೊಟ್ಟೆ. ಒಂದು ಕಾಳು ಉದುರಿದರೂ ಹೆಕ್ಕಿ ಬಟ್ಟಲಿಗೆ ಹಾಕುತ್ತಿದ್ದಳು. ಬುರುಡೆಯ ಮೇಲೊಂದು ಕೆಳಗೊಂದು ತೂತು ಮಾಡಿ ಹಗ್ಗ ಪೋಣಿಸಿ, ಬುರುಡೆ ಕೆಳಗೆ ಜಾರದ ಹಾಗೆ ಗಂಟು ಹಾಕಿದಳು. ಮೈಗೆ ಹರಳೆಣ್ಣೆ ತಿಕ್ಕಿ ಮಿರಮಿರ ಮಿಂಚುವ ಹಾಗೆ ಮಾಡಿದಳು. ಅದರ ಕೆಳಗೆ ತೋರಣ.

ಚಪ್ಪರ ಹಾಕಿದ ದಿನ ತೂಗುಹಾಕಿದರು. ಜಲಜಮ್ಮನ ಯಜಮಾನರು ವಾಸಪ್ಪನವರು ಅದರ ಕೆಳಗೇ ಕುರ್ಚಿ ಹಾಕಿಸಿಕೊಂಡು ಎಲೆ ಅಡಿಕೆ ಮೆಲ್ಲುತ್ತ ಮೇಲೆ ನೋಡಿದರು.

"ತೋರಣ ಏನೋ ಚೆಂದ ಇದೆ. ಈ ಬುರುಡೆ ಎಂತಕ್ಕೆ ಗುತ್ಯಮ್ಮ? ದೃಷ್ಟಿ ಆಗ್ಬಾರ್ದು ಅಂತನಾ?"

"ಸ್ವಲ್ಪ ಹೊತ್ತು ಅಲ್ಲೇ ಕೂತಿರಿ. ಗೊತ್ತಾಗ್ತದೆ."

ಹಲಸಿನ ಮರದಿಂದ ಒಂದು ಇಣಚಿ ಚಪ್ಪರಕ್ಕೆ ಹಾರಿತು. ಅಡ್ಡಗಳದ ಮೇಲೆ ಓಡಿ, ಹಗ್ಗ ಹಿಡಿದು, ತಲೆಕೆಳಗಾಗಿ ಇಳಿಯಿತು. ಬುರುಡೆ ಮೇಲೆ ಮುಂಗಾಲು ಇಟ್ಟಿತು. ಬುರುಡೆ ವಾಲಿತು. ಇಣಚಿ ಇನ್ನೊಂದು ಬದಿಗೆ ಕಾಲಿಟ್ಟಿತು, ಬುರುಡೆ ಆ ಕಡೆಗೂ ವಾಲಿತು. ಮೈ ಉದ್ದ ಮಾಡಿ ನೋಡಿತು, ಬುರುಡೆಯ ಹೊಟ್ಟೆ ದಾಟಲಿಲ್ಲ. ಉಗುರು ಜಾರಿ ಜರ್ರನೆ ಬಂದು ವಾಸಪ್ಪನವರ ಮಡಿಲಿಗೆ ಬಿತ್ತು.

ವಾಸಪ್ಪನವರು ಬಾಯಲ್ಲಿದ್ದ ಎಲೆ ಅಡಿಕೆ ಸಮೇತ ಎದ್ದು ಓಡಿದರು. ಇಣಚಿ ಇನ್ನೊಂದು ದಿಕ್ಕಿಗೆ ಓಡಿತು. ಜಲಜಮ್ಮ ಕಂಬ ಹಿಡಿದು ನಕ್ಕು ನಕ್ಕು ಕೂತೇಬಿಟ್ಟರು.

ಮದುವೆ ಚೆನ್ನಾಗಿ ಆಯಿತು. ಗಂಡಿನ ಕಡೆಯವರಂತೂ ತೋರಣದ ಕೆಳಗೆ ನಿಂತು ನಿಂತು ನೋಡಿದರು. ಮಾರನೆ ದಿನ ದಿಬ್ಬಣ ತಿರುಗಿ ಹೋದಮೇಲೆ ಗುತ್ಯಕ್ಕ ತೋರಣ ತರಲು ಮೊರ ಹಿಡಿದು ಹೋದಳು. ಚಪ್ಪರದ ನಡುವೆ ಏನೂ ಇರಲಿಲ್ಲ. ಮದುವಣಗಿತ್ತಿಗೆ ತವರಿನವರು ಕೊಟ್ಟ ಉಡುಗೊರೆ ಅಂದುಕೊಂಡು ಗಂಡಿನ ಕಡೆಯವರು ಇಳಿಸಿಕೊಂಡು, ಬುರುಡೆ ಸಮೇತ ಬಸ್ಸಿಗೆ ಹಾಕಿ, ತೀರ್ಥಹಳ್ಳಿಗೆ ಒಯ್ದಿದ್ದರು.

ಗುತ್ಯಕ್ಕ ಖಾಲಿ ಮೊರ ಹಿಡಿದು ನಿಂತಳು.

"ನಾಳೆನೇ ಹೋಗಿ ತರೋಣ ಬಾ," ಅಂದರು ಜಲಜಮ್ಮ. ಅವರ ಮುಖವೂ ಸಣ್ಣಗಾಗಿತ್ತು.

"ಬೇಡ. ಬೀಗರು ಒಯ್ದಿದ್ದನ್ನ ವಾಪಸ್ಸು ಕೊಡಿ ಅಂದ್ರೆ ಪುಷ್ಪಂಗೆ ಜನ್ಮ ಪೂರ್ತಿ ಮಾತು ಕೇಳಿಸ್ತಾರೆ. ಬತ್ತಕ್ಕೋಸ್ಕರ ಹುಡುಗಿ ತಲೆ ತಗ್ಗಿಸೋದು ಬೇಡ," ಅಂದಳು ಗುತ್ಯಕ್ಕ. ಮನೆಗೆ ಬಂದು, ಕಟ್ಟುವಾಗ ಹೆಕ್ಕಿಟ್ಟ ಕಾಳಿನ ಬಟ್ಟಲು ನೋಡಿದಳು. ನೆನೆದು ಉದುರಿದ ಕಾಳು ಅವು, ಗಾಳಿಯಾಡದೆ ಬಟ್ಟಲಲ್ಲೇ ಅರ್ಧ ಮೊಳೆತು ಒಣಗಿದ್ದವು.

ಆಕಾಶ ಕಪ್ಪಾಗತೊಡಗಿತು. ಬೇರೆಯವರು ಗದ್ದೆ ಹದ ಮಾಡುತ್ತಿದ್ದರು. ಗುತ್ಯಕ್ಕ ಮೂಲೆಯ ಜೌಗು ಗದ್ದೆಯನ್ನೂ ಹದ ಮಾಡಿಸಿದಳು. ಎಂತ ಬಿತ್ತುತ್ತೀಯೆ ಅಂತ ಕೇಳುವ ಧೈರ್ಯ ಭಾವನಿಗೂ ಬರಲಿಲ್ಲ.

ಜಲಜಮ್ಮ ಮಗಳನ್ನು ತವರಿಗೆ ಕರೆತರುವ ನೆಪದಲ್ಲಿ ಬಸ್ಸು ಹತ್ತಿ ತೀರ್ಥಹಳ್ಳಿಗೆ ಹೋದರು. ಎರಡು ದಿನ ಬಿಟ್ಟು, ಮೊದಲ ಮಳೆಯ ಹನಿಗಳ ಜೊತೆ, ಪುಷ್ಪನನ್ನು ಕರೆದುಕೊಂಡು ನೇರ ನಮ್ಮ ಜಗಲಿಗೇ ಬಂದರು. ಮಡಿಲಲ್ಲಿ ಒಂದು ಗಂಟು.

"ತಗಳೆ ಗುತ್ಯಮ್ಮ, ನಿನ್ನ ಬೀಜ."

ಗಂಟು ಬಿಚ್ಚಿದರೆ ಮೀಸೆ ಸಮೇತ ಕೆಂಪು ಕಾಳು. ಗುತ್ಯಕ್ಕ ಬೊಗಸೆಯಲ್ಲಿ ತೆಗೆದು ಮೂಸಿ ನೋಡಿದಳು.

"ಕೇಳಿದ್ರಾ ಬೀಗರನ್ನ?" ಅಂದಳು ಹೆದರಿ.

"ನಾನೆಂತ ಕೇಳ್ಲಿ? ಕೇಳು ಕಥೆನ. ಬೀಗಿತ್ತಿ ವೆಂಕಮ್ಮ ತೋರಣನ ಜಗಲಿ ನಡುವೆ ಬುರುಡೆ ಸಮೇತ ತೂಗಾಕ್ಯಾರೆ. ಅಲ್ಲೂ ಇಣಚಿ ಕಾಟ. ದೇವರ ಮುಂದಿನ ಬತ್ತಿ ಕದ್ದಾವೆ, ಒಣಗ್ಸಿದ ಕೊಬ್ಬರಿ ತಿಂದಾವೆ, ತೋರಣದ ಒಂದು ಕಾಳು ಮುಟ್ಟಿಲ್ಲ! ವೆಂಕಮ್ಮ ಎಲ್ರಿಗೂ ತೋರ್ಸಿ, ಈ ತೋರಣದಲ್ಲಿ ದೇವರಿದ್ದಾನೆ ಅಂತಾರೆ. ಬುರುಡೆ ಎಂತಕ್ಕೆ ಅಂತ ಯಾರೋ ಕೇಳಿದ್ದಕ್ಕೆ ಈ ನನ್ನ ಮಗಳು, ಅದು ನಮ್ಮ ಕಡೆ ಶಾಸ್ತ್ರ ಅಂದ್ಲಂತೆ."

ಪುಷ್ಪ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. "ಮತ್ತೆಂತ ಹೇಳ್ಲಿ ಗುತ್ಯಕ್ಕ? ಇಣಚಿ ಅಪ್ಪನ ಮಡಿಲಿಗೆ ಬಿತ್ತು ಅನ್ಲಾ?"

"ಅವಳು ಒಂದು ಶಾಸ್ತ್ರ ಮಾಡಿದ್ಲಲ್ಲ, ನಾನೊಂದು ಮಾಡ್ದೆ," ಅಂದರು ಜಲಜಮ್ಮ. "ಮಳೆ ಬೀಳೋಕೆ ಮುಂಚೆ ತೋರಣದ ಕಾಳು ಉದುರ್ಸಿ ಹುಡುಗಿ ತವರು ಮನೆ ಗದ್ದೆಗೆ ಬಿತ್ತಬೇಕು, ಇಲ್ದಿದ್ರೆ ತೋರಣ ಕಟ್ಟಿದ ಫಲ ಇಲ್ಲ ಅಂದೆ. ವೆಂಕಮ್ಮ ತಾವೇ ಕೂತು ಉದುರ್ಸಿ ಕೊಟ್ರು. ಅವರ ಗದ್ದೆಗೂ ಒಂದು ಮುಷ್ಟಿ ಇಟ್ಕಂಡ್ರು. ಹೆಣಿಗೆ ಅಲ್ಲೇ ತೂಗ್ತಾ ಇದೆ."

ಗುತ್ಯಕ್ಕ ಗಂಟನ್ನು ಎರಡು ಪಾಲು ಮಾಡಿದಳು. ಒಂದು ಪಾಲು ಜಲಜಮ್ಮನ ಸೆರಗಿಗೆ ಸುರಿದಳು. ಅವರು ಸಾಕು ಸಾಕು ಅಂದರೂ ಕೇಳಲಿಲ್ಲ. ಇನ್ನೊಂದನ್ನು ಮಾರನೆ ದಿನವೇ ಸಸಿಗೆ ಹಾಕಿದಳು. ಆ ವರ್ಷ ಎರಡು ಮನೆಯ ಗದ್ದೆಯಲ್ಲೂ ಮೀಸೆಬತ್ತ ಗಾಳಿಗೆ ಕೆಂಪಗೆ ಅಲುಗಿತು. ಸುಗ್ಗಿಗೆ ನಮ್ಮ ಬಾಗಿಲಿಗೂ ತೋರಣ ಬಂತು, ಎರಡು ಹಗ್ಗಕ್ಕೆ ಎರಡು ಬುರುಡೆ.

ಗುತ್ಯಕ್ಕ ಬದುಕಿರುವವರೆಗೂ ಹಳೇ ತೋರಣವನ್ನು ಹಲಸಿನ ಮರಕ್ಕೇ ಕಟ್ಟುತ್ತಿದ್ದಳು, ಸ್ವಲ್ಪ ಕಾಳು ಬಿಟ್ಟು. ಕಟ್ಟಿ ಕೆಳಗೆ ನಿಂತು, "ಬಂದ್ರಾ? ತಿನ್ನಿ. ಜಗಲಿಗೆ ಕಾಲಿಟ್ರೆ ಬಾಲ ಸುಡ್ತೀನಿ," ಅಂತ ಕೂಗುತ್ತಿದ್ದಳು.

ಅವಳು ಹೋದಮೇಲೆ ತೋರಣ ನಾನು ಕಟ್ಟುತ್ತೇನೆ, ಅವಳಷ್ಟು ಬಿಗಿ ಬರುವುದಿಲ್ಲ. ಹೋದ ವರ್ಷ ವೆಂಕಮ್ಮನ ಮರಿಮಗಳೊಬ್ಬಳು ತೀರ್ಥಹಳ್ಳಿಯಿಂದ ಬಂದಿದ್ದಳು. ಅವರ ಕಡೆ ಈಗ ಬುರುಡೆ ಇಲ್ಲದೆ ಮದುವೆ ಚಪ್ಪರ ಏಳುವುದಿಲ್ಲವಂತೆ.

"ಅಜ್ಜಿ, ಬುರುಡೆ ತೂತು ಮೂಡಲಕ್ಕಿರಬೇಕಾ ಪಡುವಲಕ್ಕಿರಬೇಕಾ? ನಮ್ಮ ಮನೇಲಿ ಇದೇ ಜಗಳ," ಅಂತ ಕೇಳಿದಳು.

"ಒಂದು ಮೇಲೆ, ಒಂದು ಕೆಳಗೆ ಇರ್ಲಿ ಮಗಾ," ಅಂದೆ. "ಹರಳೆಣ್ಣೆ ಹಚ್ಚೋದು ಮಾತ್ರ ಮರೀಬೇಡಿ."